ಅಮ್ಮನ ವಾಕರ್

ಕೆಟ್ಟ ಜಿಪ್ಪುಗಳನ್ನು ಬದಲಾಯಿಸಿ ಕೊಡುತ್ತಿದ್ದುದರಿಂದ ಇಡೀ ಬೀದಿಗೆ ಅವಳು ಜಿಪ್ಪಕ್ಕ. ಮೂರು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಎಡಗಾಲು ಸೊರಗಿತ್ತು; ಅಂದಿನಿಂದ ಕೋಲೂರಿಯೇ ನಡಿಗೆ. ಅವಳನ್ನು ಮೊಟ್ಟಮೊದಲು ಕುಂಟಿ ಎಂದು ಕರೆದದ್ದು ಹೆತ್ತ ತಾಯಿಯೇ. ಪೇಟೆಗೆ ಹೊರಟರೆ ಅಮ್ಮ ಬೇಕೆಂದೇ ಮುಂದೆ ಮುಂದೆ ನಡೆಯುತ್ತಿದ್ದಳು. ನೋಡಿದವರಿಗೆ ಇಬ್ಬರೂ ಒಂದೇ ಮನೆಯವರು ಅನ್ನಿಸಬಾರದು. ನೆಂಟರು ಬಂದರೆ ಮಗಳನ್ನು ಒಳಕೋಣೆಗೆ ಅಟ್ಟಿ ಬಾಗಿಲು ಎಳೆದುಬಿಡುತ್ತಿದ್ದಳು. ಆ ಮಗಳೇ ಹೊಲಿಗೆ ಕಲಿತು, ಬಲಗಾಲೊಂದರಲ್ಲೇ ಮೆಷಿನ್ ತುಳಿದು, ಸ್ವಂತ ಅಂಗಡಿ ಹಾಕಿದಳು.

ಎಂಬತ್ತು ದಾಟಿದ ಮೇಲೆ ಅಮ್ಮನ ಮಂಡಿ ಸವೆದುಹೋಯಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಗಳ ಜೊತೆಗಿದ್ದ ಅವಳಿಗೆ ಗೋಡೆಯನ್ನೋ ಮಗಳ ಹೆಗಲನ್ನೋ ಹಿಡಿಯದೆ ಹೆಜ್ಜೆ ಇಡಲಾಗುತ್ತಿರಲಿಲ್ಲ. ಜಿಪ್ಪಕ್ಕನ ತಮ್ಮನ ಮಗಳು, ಕಾಲೇಜಿಗೆ ಹೋಗುವ ಹುಡುಗಿ, ಒಂದು ವಾಕರ್ ಹೊತ್ತು ತಂದಳು.

ಅಮ್ಮ ಮುಖ ಸಿಂಡರಿಸಿದಳು. "ನಾನೇನು ಕುಂಟಿನಾ? ವಯಸ್ಸಾಗಿದೆ, ಅಷ್ಟೇ."

"ಅದಕ್ಕೇನಜ್ಜಿ, ವಯಸ್ಸಾದ ಮೇಲೆ ಎಲ್ಲರೂ ನಮ್ಮತ್ತೆ ಥರಾನೇ ಆಗೋದು," ಎಂದು ಹುಡುಗಿ ನಕ್ಕಳು.

ಜಿಪ್ಪಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಮೂರು ವರ್ಷಕ್ಕೇ ನಾನು ಮುದುಕಿಯಾಗಿದ್ನೇನೇ?"

"ಅಯ್ಯೋ ಅತ್ತೆ, ಒಳ್ಳೇದಕ್ಕೆ ಹೇಳಿದೆ!"

ಮಗಳ ಕಾಲು ಅಮ್ಮನಿಗೆ ಅವಮಾನ, ಹುಡುಗಿಗೆ ಸಮಾಧಾನ ಹೇಳಲು ಸಿಕ್ಕ ಉದಾಹರಣೆ. ಯಾವುದು ಹೆಚ್ಚು ಹೇಸಿಗೆಯೆಂದು ಜಿಪ್ಪಕ್ಕನಿಗೆ ತಿಳಿಯಲಿಲ್ಲ.

ವಾಕರ್ ಮೂಲೆ ಸೇರಿತು. ಅದಾಗಿ ಸ್ವಲ್ಪ ದಿನಕ್ಕೆ, ಗಿರಾಕಿಯೊಬ್ಬರ ಎದುರಿಗೇ ಜಿಪ್ಪಕ್ಕ ರಿಪೇರಿಗೆ ಬಂದ ಪ್ಯಾಂಟುಗಳ ಗಂಟು ಬಿಚ್ಚಿದಳು. ಗಪ್ಪನೆ ನಾತ ಹೊಡೆಯಿತು. ಪ್ಯಾಂಟುಗಳ ನಡುವೆ ಅಮ್ಮನ ಲಂಗ, ಉಚ್ಚೆಯಲ್ಲಿ ತೊಯ್ದು ಅರೆಬರೆ ಒಣಗಿ ಸೆಟೆದುಕೊಂಡಿತ್ತು. ಗಿರಾಕಿ ಮೂಗು ಮುಚ್ಚಿಕೊಂಡು ತಮ್ಮ ಬಟ್ಟೆ ವಾಪಸ್ಸು ಕೇಳಿದರು.

ಜಿಪ್ಪಕ್ಕ ಲಂಗವನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಒಳಗೆ ಹೋದಳು. "ಬಚ್ಚಲಿಗೆ ಹೋಗೋಕಾಗಲ್ಲ ಅಂದ್ರೆ ನನ್ನ ಕರೀಬಾರದಾ? ವಾಕರ್ ಹಿಡೀಬಾರದಾ? ಊರವರ ಬಟ್ಟೆಯೊಳಗೆ ಬಚ್ಚಿಡ್ತೀಯಾ?"

"ಮುದುಕರಿಗೆ ಆಗುತ್ತೆ," ಎಂದಳು ಅಮ್ಮ ಗೋಡೆ ಕಡೆ ಹೊರಳಿ. "ನಿನ್ನ ಹಾಗೆ ಆ ಕೋಲು ಈ ಕೋಲು ಹಿಡ್ಕೊಂಡು ಜನರ ಬಾಯಿಗೆ ಬೀಳೋ ಕರ್ಮ ನನಗೆ ಬೇಡ."

ಜಿಪ್ಪಕ್ಕ ಲಂಗವನ್ನು ತಿಕ್ಕಿ ತಿಕ್ಕಿ ಒಗೆದಳು. ನಾತಕ್ಕಲ್ಲ. ನಾತ ಎರಡು ಸಲ ಸೋಪು ಹಾಕಿದರೆ ಹೋಗುತ್ತದೆ.

ಅಂದಿನಿಂದ ಅವಳು ಅಮ್ಮನಿಗೆ ಹೆಗಲು ಕೊಡುವುದನ್ನು ನಿಲ್ಲಿಸಿ, ವಾಕರನ್ನು ಮಂಚಕ್ಕೆ ಒತ್ತಿ ಇಟ್ಟಳು. ಅಮ್ಮ ಬೈದಳು, ಅತ್ತಳು, ಕೊನೆಗೆ ಬೇರೆ ದಾರಿಯಿಲ್ಲದೆ ಹಿಡಿದಳು, ಕಿಟಕಿಯ ಪರದೆ ಎಳೆಸಿಕೊಂಡು, ಕದ್ದವಳ ಹಾಗೆ.

ಒಂದು ಸಂಜೆ ಪಕ್ಕದ ಮನೆಯಾಕೆ ಹೇಳದೆ ಕೇಳದೆ ಒಳಗೆ ಬಂದಳು. ಕೋಣೆಯ ನಡುವೆ ವಾಕರ್ ಹಿಡಿದು ನಿಂತಿದ್ದ ಅಮ್ಮ ಧೊಪ್ಪನೆ ಮಂಚದ ಮೇಲೆ ಕುಸಿದು, ಅದನ್ನು ಮಗಳ ಕಡೆ ತಳ್ಳಿದಳು. "ಪಾಪ, ಇವಳದು. ಇವಳ ಕಾಲು ಗೊತ್ತಲ್ಲ."

ಜಿಪ್ಪಕ್ಕ ವಾಕರನ್ನು ತಿರುಗಿ ಅಮ್ಮನ ಮುಂದಕ್ಕೇ ತಳ್ಳಿದಳು.

"ನಂದಲ್ಲ, ಅಮ್ಮಂದು," ಎಂದಳು. "ಅವಳಿಗೆ ನಡೆಯೋಕಾಗಲ್ಲ. ಉಚ್ಚೆನೂ ನಿಲ್ಲಲ್ಲ."

ಕೊನೆಯ ಮಾತು ಬೇಕಿರಲಿಲ್ಲ. ಬಾಯಿಂದ ಹೊರಬಿದ್ದ ಮೇಲೆ ಅದೂ ಹೇಸಿಗೆಯೆನಿಸಿತು. ಪಕ್ಕದ ಮನೆಯಾಕೆ ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಹೊರಟುಹೋದಳು.

ಬಚ್ಚಿಡಲು ಇನ್ನೇನೂ ಉಳಿಯದ್ದರಿಂದ ಅಮ್ಮ ಆಮೇಲೆ ಹಗಲಲ್ಲೇ, ಎಲ್ಲರೆದುರಿಗೂ ವಾಕರ್ ಹಿಡಿದು ಓಡಾಡಿದಳು. ಮಗಳ ಜೊತೆ ಮಾತು ಮಾತ್ರ ಬಿಟ್ಟಳು. ಬಿಟ್ಟರೆ ಬಿಡಲಿ ಅಂದುಕೊಂಡಳು ಜಿಪ್ಪಕ್ಕ.