ಚೌತಿಯ ಚಂದ್ರ ಮತ್ತು ಅತ್ತೆಯ ಬೈಗುಳ

ಈ ಸಲದ ಚೌತಿಯ ಸಂಜೆ ಸೊಸೆ ಪಡಸಾಲೆಯ ಕಿಟಕಿ ಮುಚ್ಚಿ, "ಚಂದ್ರ ಕಾಣಾಕ ಹತ್ಯಾನ್ರಿ ಅತ್ತ್ಯಾರ, ಹೊರಗ ನೋಡಬ್ಯಾಡ್ರಿ" ಎಂದಳು. ಒಲೆಯ ಮೇಲೆ ಕಡುಬು ಬೇಯುವ ವಾಸನೆ. ನನಗೆ ನಗು ಬಂತು. ಚೌತಿಯ ಚಂದ್ರನನ್ನು ನೋಡಿದರೆ ಮಾಡದ ಕಳ್ಳತನದ ಅಪವಾದ ಹೊರಬೇಕೆಂದು ನೀವೂ ಕೇಳಿರುತ್ತೀರಿ. ಯಾರಿಂದಾದರೂ ಬೈಸಿಕೊಂಡರೆ ಆ ದೋಷ ಕಳೆಯುತ್ತದೆ. ಅದಕ್ಕೆಂದೇ ನೆರೆಮನೆಗೆ ಕಲ್ಲೆಸೆದು ಬೈಸಿಕೊಳ್ಳುತ್ತಿದ್ದವರನ್ನು ನಾನು ಕಂಡಿದ್ದೇನೆ.

ನಾನು ಹಿರೇಹಂದಿಗೋಳಕ್ಕೆ ಸೊಸೆಯಾಗಿ ಬಂದ ಹೊಸತು. ಸ್ವಾತಂತ್ರ್ಯ ಬಂದಿತ್ತು, ಕರ್ನಾಟಕ ಇನ್ನೂ ಒಂದಾಗಿರಲಿಲ್ಲ. ಏಕೀಕರಣದ ಸಭೆಗೆಂದು ಗದಗಿಗೆ ಹೋಗಿದ್ದ ನಮ್ಮೂರ ಶಾಲೆಯ ಮಾಸ್ತರರು ಗೆಳೆಯರೊಬ್ಬರ ದುರ್ಬೀನು ಹೊತ್ತು ತಂದರು. ಅದು ಸಿಕ್ಕಿದ್ದು ಒಂದೇ ದಿನಕ್ಕೆ, ಆ ದಿನವೇ ಚೌತಿ. ಪಾಪ, ನಮ್ಮ ಮನೆಯ ಮುಂದಿನ ಬಯಲಿನಲ್ಲಿ ಕೊಳವೆ ನಿಲ್ಲಿಸಿಕೊಂಡು ಒಬ್ಬರೇ ಕಾದರು. ಜನ ಬಂದಿದ್ದರು, ಆದರೆ ದೂರದಲ್ಲಿ ನೆಲ ನೋಡುತ್ತ ನಿಂತಿದ್ದರು. ನೋಡುವ ಆಸೆ ಎಲ್ಲರಿಗೂ ಇತ್ತು. ನನಗಂತೂ ಜೀವ ತಡೆಯಲೊಲ್ಲದು.

ನಮ್ಮ ಅತ್ತೆ ಬೈಗುಳಕ್ಕೆ ನಾಲ್ಕೂರಿಗೆ ಹೆಸರಾದವರು. ಸೆರಗು ಸಿಕ್ಕಿಸಿ ಬಂದು ದುರ್ಬೀನಿನ ಪಕ್ಕ ಕುಳಿತೇಬಿಟ್ಟರು.

"ಬ್ರಿಟಿಷರಿಗೆ ಅಂಜಲಿಲ್ಲ, ಚಂದ್ರಗ ಅಂಜತೀರೇನು? ಒಬ್ಬೊಬ್ಬರ ಬಂದು ನೋಡ್ರಿ. ನೋಡಿದವರಿಗೆ ನಾ ಇಲ್ಲೇ ಬೈತೀನಿ. ದೋಷ ಇಲ್ಲೇ ಹರೀತೈತಿ."

ಸಾಲು ಹತ್ತಿತು. ಗೌಡರು "ಹೊಟ್ಟಿಬಾಕ" ಅನ್ನಿಸಿಕೊಂಡು ಕೈಮುಗಿದು ಹೋದರು. ಚಂದ್ರ ಕೊಳವೆಯಿಂದ ಜಾರಿದಾಗಲೆಲ್ಲ ಮಾಸ್ತರರು ಮತ್ತೆ ಹಿಡಿದು ಕೊಡುತ್ತಿದ್ದರು. ನನ್ನ ಸರದಿ ಬಂತು. ಮೈತುಂಬ ಗುಂಡಿಗಳು, ಅವುಗಳ ಅಂಚಿಗೆ ಬೆಳಕು! ಉಸಿರಾಡುವುದನ್ನೇ ಮರೆತೆ. "ರೊಟ್ಟಿ ಹೊತ್ತಸಾಕಿ" ಎಂದು ಅತ್ತೆ ಬೈದರು. ರೊಟ್ಟಿ ಸೀಯಿಸುತ್ತಿದ್ದ ನನಗದು ದಿನದ ಬೈಗುಳವೇ.

ಕೊನೆಗೆ ಅತ್ತೆಯೂ ಕಣ್ಣಿಟ್ಟರು. "ಸಾರಿಸದ ನೆಲ ಇದ್ದಂಗ ಐತಲ್ರಿ ಮಾಸ್ತರ" ಎಂದರು. ಈಗ ಅವರಿಗೆ ಬೈಯುವವರು ಯಾರು? ಅತ್ತೆ ನನ್ನತ್ತ ತಿರುಗಿ, "ನೀ ಬೈಯವ್ವ" ಎಂದರು.

ತಿಂಗಳ ಹಿಂದೆ, ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಬಂದಿದ್ದ ಅಣ್ಣನನ್ನು ಅತ್ತೆ ಹಾಗೆಯೇ ಹಿಂದಕ್ಕೆ ಕಳಿಸಿದ್ದರು. ಆಗ ನಾನು ತುಟಿ ಪಿಟಕ್ಕೆಂದಿರಲಿಲ್ಲ. ಈಗ ಬಾಯಿ ತೆರೆದರೆ ಅದೇ ಹೊರಬಿತ್ತು.

"ನಮ್ಮಣ್ಣನ್ನ ಬಾಗಲದಾಗಿಂದ ಹೊಳ್ಳಿ ಕಳಿಸಿದ್ರಿ. ನಮ್ಮವ್ವ ದಾರಿ ನೋಡಿ ನೋಡಿ ಅತ್ತಿರತಾಳ. ನಿಮಗ ಕರುಳ ಇಲ್ಲ."

ಅತ್ತೆ ಮತ್ತೆ ಕೊಳವೆಗೆ ಕಣ್ಣು ಹಚ್ಚಿದರು.

"ಇನ್ನೊಮ್ಮೆ ನೋಡ್ತೀನಿ. ಇನ್ನೇನರ ಉಳದಿದ್ರ ಅದನ್ನೂ ಅಂದಬಿಡು."

ಮೂರನೆಯ ದಿನ ನಾನು ತವರೂರು ಸೊರಟೂರಿನಲ್ಲಿ, ಅವ್ವನ ಮಗ್ಗುಲಲ್ಲಿದ್ದೆ.

ನನ್ನ ಸೊಸೆ ಒಂದು ದಿನವೂ ಎದುರಾಡಿದವಳಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುವವಳು ನಾನು. ಅದು ಅಷ್ಟು ಹೆಮ್ಮೆಯ ಮಾತಲ್ಲವೆಂದು ಈ ಚೌತಿಯ ಸಂಜೆ ಅನ್ನಿಸಿತು. ಹೊರಗೆ ಹೋಗಿ ಚಂದ್ರನನ್ನು ಕಣ್ತುಂಬ ನೋಡಿ ಒಳಬಂದೆ.

"ನೋಡಿಬಿಟ್ಟೆನವ್ವ. ಈಗ ಬೈ."

ಆಕೆ ಒಲೆಯ ಉರಿ ಸಣ್ಣ ಮಾಡಿ, ಸೆರಗಿನಿಂದ ಕೈ ಒರೆಸಿಕೊಂಡು, ನನ್ನೆದುರಿಗೆ ಕುಳಿತಳು.

"ಎಲ್ಲಿಂದ ಸುರು ಮಾಡ್ಲಿರಿ, ಅತ್ತ್ಯಾರ?"