ಹೊಳಿಯಮ್ಮ ರೊಕ್ಕ ತೆಗೆದ ಸದ್ದು

ಕೊಪ್ಪಳದ ಪಕ್ಕದ ಭಾಗ್ಯನಗರದ ಕೂದಲಿನ ಶೆಡ್ಡುಗಳಲ್ಲಿ ಹೊಳಿಯಮ್ಮನ ಕೈ ಅಂದರೆ ಹೆಸರಾದ ಕೈ. ಎಂಥ ಸಿಕ್ಕು ತಂದು ಸುರಿದರೂ ಸರಿ, ಹಲಗೆಗೆ ಮೊಳೆ ಹೊಡೆದು ಮಾಡಿದ ಬಾಚಣಿಕೆಯ ಮುಂದೆ ಕಾಲು ಚಾಚಿ ಕೂತು ನಾಲ್ಕು ಸಲ ಎಳೆದಳೆಂದರೆ ಕೂದಲು ಹೇಳಿದ ಮಾತು ಕೇಳುತ್ತಿತ್ತು. ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಅದೊಂದೇ ಕೆಲಸ. ಪಾತ್ರೆ ಮಾರುವವರು ಊರೂರು ತಿರುಗಿ ಹೆಂಗಸರಿಂದ ಕೊಂಡ ಉದುರುಗೂದಲು ಚೀಲದಲ್ಲಿ ಬರುತ್ತಿತ್ತು; ಇವರು ಬಿಡಿಸಿ, ಉದ್ದ ನೋಡಿ ಜೋಡಿಸಿ ಕಟ್ಟಿದರೆ ಪೆಟ್ಟಿಗೆಯಲ್ಲಿ ಹೋಗುತ್ತಿತ್ತು. ಎಲ್ಲಿಗೆ ಅಂತ ಕೇಳಿದರೆ ಮಾಲೀಕರು "ಫಾರಿನ್ನಿಗೆ" ಎಂದಷ್ಟೇ ಹೇಳುತ್ತಿದ್ದರು. ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆಯ ಹೆಂಗಸರು ತಾವು ಗದಗ ದಾಟಿರುವುದಿಲ್ಲ, ಅವರ ಕೂದಲು ಮಾತ್ರ ಸಮುದ್ರ ದಾಟಿ ಯಾವಳದೋ ತಲೆಯ ಮೇಲೆ ಗಾಳಿಗೆ ಹಾರಾಡುತ್ತಿರುತ್ತದಲ್ಲ ಎಂದು ಹೊಳಿಯಮ್ಮ ಕೂತಲ್ಲೇ ಕನಸು ಕಾಣುವವಳು. ಎಳೆ ಅವಳ ಕೈಯಲ್ಲಿರುತ್ತಿತ್ತು, ಕಣ್ಣು ಮಾತ್ರ ಎಲ್ಲೋ ಇರುತ್ತಿತ್ತು.

ಹೀಗಾಗಿ ವಿಯೆಟ್ನಾಮಿನ ಒಂದು ಕಾರ್ಖಾನೆಯವರು ತಮ್ಮ ಹುಡುಗಿಯರಿಗೆ ಸಿಕ್ಕು ಬಿಡಿಸುವುದನ್ನು ಕಲಿಸಲು ನಾಲ್ಕು ತಿಂಗಳ ಮಟ್ಟಿಗೆ ಇಬ್ಬರು ಬೇಕು ಅಂದಾಗ, ಮಾಲೀಕರು ಬಾಯಿ ತೆರೆಯುವ ಮೊದಲೇ ಅವಳು ಹ್ಞೂಂ ಅಂದುಬಿಟ್ಟಳು. ಇನ್ನೊಬ್ಬಳು ಅದೇ ಓಣಿಯ ದಾವಲಬೀ. ಮಸ್ಕತ್ತಿನಲ್ಲಿ ಆರು ವರ್ಷ ಮನೆಗೆಲಸ ಮಾಡಿ ಬಂದ ಗಟ್ಟಿಗಿತ್ತಿ.

ಹೊಳಿಯಮ್ಮನ ಗಂಡ ಲಕ್ಷ್ಮಣಪ್ಪ ಪಟ್ಟಣ ಪಂಚಾಯಿತಿಯಲ್ಲಿ ನೀರು ಬಿಡುವವನು. ಓಣಿ ಓಣಿಗೂ ಸೈಕಲ್ ಮೇಲೆ ಹೋಗಿ ವಾಲ್ ತಿರುಗಿಸುವುದು ಅವನ ಕೆಲಸ. ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆಯಾದರೂ ನೀರು ಬರುತ್ತಿತ್ತು, ಈ ಮಹಾರಾಯನ ಬಾಯಲ್ಲಿ ಮಾತು ಬರಬೇಕಾದರೆ ವಾರ ಕಾಯಬೇಕು. ಹೆಂಡತಿ ಹೊರಟಿದ್ದಾಳೆ ಅಂದಾಗ "ಬ್ಯಾಡ" ಎಂದ. ಒಂದೇ ಸಲ. ಅವಳು ಹೊರಟ ದಿನ ಬ್ಯಾಗು ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದು, ಸೀಟಿನ ಮೇಲಿಟ್ಟು, ಬಸ್ಸು ಬಿಡುವ ಮೊದಲೇ ತಿರುಗಿ ನೋಡದೆ ಹೋದ. ವಿಯೆಟ್ನಾಮಿನಿಂದ ಅವಳು ಮಾಡಿದ ಒಂದು ಫೋನನ್ನೂ ಎತ್ತಲಿಲ್ಲ.

ಹೊಳಿಯಮ್ಮನಿಗೆ ಇದು ಒಳಗೊಳಗೇ ಕೊರೆಯುತ್ತಿತ್ತು. ಪಕ್ಕದಲ್ಲಿ ಕೂತು ಸುಮ್ಮನಿರುವ ಗಂಡ ಅವಳಿಗೆ ರೂಢಿಯಾಗಿದ್ದ. ಇಷ್ಟು ದೂರದಿಂದ ಸುಮ್ಮನಿರುವವನನ್ನು ಏನೆಂದು ತಿಳಿಯುವುದು? ನಾಲ್ಕು ತಿಂಗಳು ಬಿಟ್ಟು ಹೋದರೆ ಆ ಮನೆಯಲ್ಲಿ ತನ್ನ ಜಾಗ ಮೊದಲಿನ ಹಾಗೇ ಇರುತ್ತದೋ ಇಲ್ಲವೋ ಎಂದು ಅವಳಿಗೆ ನಿಜವಾಗಿ ಹೆದರಿಕೆಯಾಗಿತ್ತು.

ಬಂದಿಳಿದ ಊರು ಮಾತ್ರ ಚೆಂದ. ಕಾರ್ಖಾನೆಯ ಹಿಂದೆಯೇ ದೊಡ್ಡ ಹೊಳೆ. ಬೆಳಿಗ್ಗೆ ಮಂಜು ಎದ್ದಾಗ ದೋಣಿಗಳು ನೀರಿನ ಮೇಲೆ ಇವೆಯೋ ಮೋಡದಲ್ಲಿ ತೇಲುತ್ತಿವೆಯೋ ತಿಳಿಯುತ್ತಿರಲಿಲ್ಲ. ಮೊಣಕಾಲೆತ್ತರದ ಸ್ಟೂಲುಗಳ ಮೇಲೆ ಕೂತು ಜನ ಸದ್ದಿಲ್ಲದೆ ಚಹಾ ಕುಡಿಯುತ್ತಿದ್ದರು. ಕಾರ್ಖಾನೆಯ ಹುಡುಗಿಯರು ಅವಳ ಬೆರಳು ನೋಡಿ ನೋಡಿ ಕಲಿಯುತ್ತಿದ್ದರು; ಭಾಷೆ ಬೇಕೇ ಆಗಲಿಲ್ಲ. ಇನ್ನು ಅಲ್ಲಿಯ ದುಡ್ಡಿನದು ಬೇರೆಯೇ ಮಾಯೆ. ಪ್ಲಾಸ್ಟಿಕ್ಕಿನ ನುಣುಪು ನೋಟು, ಮೈತುಂಬ ಸೊನ್ನೆ. ಏಳುನೂರು ರೂಪಾಯಿ ಚಿಲ್ಲರೆಗೆ ಎರಡು ಲಕ್ಷ ಬರುತ್ತಿತ್ತು. ಜೀವಮಾನದಲ್ಲಿ ಲಕ್ಷ ಮುಟ್ಟದವಳು ಲಕ್ಷ ಕೊಟ್ಟು ಸೊಪ್ಪು, ಟೊಮೆಟೊ ತರತೊಡಗಿದಳು.

ಸಂಬಳ ಊರಿನ ಬ್ಯಾಂಕಿನ ಖಾತೆಗೆ ಬೀಳುತ್ತಿತ್ತು. ಕೈಯಲ್ಲಿ ಕಾರ್ಡಿತ್ತು. ಕೈಯಲ್ಲಿ ಹೆಚ್ಚು ಇದ್ದರೆ ಹೆಚ್ಚು ಹೋಗುತ್ತದೆ ಎಂದು ಊರಿನಲ್ಲಿ ಹೇಗೋ ಇಲ್ಲಿಯೂ ಹಾಗೆ, ಎರಡು ದಿನಕ್ಕೊಮ್ಮೆ ಎಟಿಎಂ ಮಿಷನ್ನಿನ ಮುಂದೆ ನಿಂತು ಎರಡು ಲಕ್ಷ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಇದನ್ನು ಮೂರು ವಾರ ನೋಡಿದ ದಾವಲಬೀಗೆ ತಡೆಯಲಾಗಲಿಲ್ಲ.

"ಅಕ್ಕಾ, ಒಮ್ಮೆ ತಗದ್ರ ಇಲ್ಲಿ ಮಿಷನ್ನಿನವರು ಒಂದಿಷ್ಟು ಮುರ್ಕೊತಾರ, ನಮ್ಮ ಬ್ಯಾಂಕಿನವರು ಒಂದಿಷ್ಟು. ಎರಡೂ ಕೂಡಿ ಇನ್ನೂರರ ಮ್ಯಾಲ. ನೀ ಎರಡು ಲಕ್ಷ ತಗಿ, ಇಪ್ಪತ್ತು ಲಕ್ಷ ತಗಿ, ಅವರು ಮುರಿಯೂದು ಹೆಚ್ಚೂ ಕಡಿಮಿ ಅಷ್ಟ. ತಿಂಗಳಿಗೊಮ್ಮೆ ತಗದು ಟ್ರಂಕಿನ್ಯಾಗ ಇಡು. ಮತ್ತ ನಿಮ್ಮ ರೂಪಾಯಿ ಲೆಕ್ಕದಾಗ ಕೊಡ್ಲೇನು ಅಂತ ಮಿಷನ್ ಕೇಳತೈತಿ, ಬ್ಯಾಡ ಅಂತ ಒತ್ತು. ಆ ಉಪಕಾರದಾಗ ಭಾಳ ತಿಂತಾರ."

ಹೊಳಿಯಮ್ಮ ಎದೆ ಹಿಡಿದುಕೊಂಡಳು. ಇಷ್ಟು ದಿನ ಸೊಪ್ಪಿಗಿಂತ ಹೆಚ್ಚು ಮಿಷನ್ನಿಗೇ ತಿನ್ನಿಸಿದ್ದಳು. ಮರುದಿನವೇ ದಾವಲಬೀಯನ್ನು ಕರೆದುಕೊಂಡು ಹೋಗಿ ತಿಂಗಳ ಖರ್ಚನ್ನೆಲ್ಲ ಒಟ್ಟಿಗೆ ತೆಗೆದು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

ಹತ್ತು ದಿನ ಕಳೆದಿರಬೇಕು. ಭಾನುವಾರ ಮಧ್ಯಾಹ್ನ ದಾವಲಬೀಯ ಗಂಡ, ಆಟೋ ಓಡಿಸುವ ಜಿಲಾನಸಾಬ, ವಿಡಿಯೋ ಕಾಲಿನಲ್ಲಿ ಬಂದ.

"ಹೊಳಿಯಕ್ಕಾರ, ಆರಾಮ ಅದೀರೇನ್ರಿ? ನಮ್ಮ ಓಣ್ಯಾಗ ಹೊತ್ತಿಗೆ ಸರಿ ನೀರ ಬರವಲ್ದು ನೋಡ್ರಿ."

"ಯಾಕಣ್ಣಾ, ಅವರಿಗೆ ಆರಾಮ ಇಲ್ಲೇನು?"

"ಆರಾಮ ಅದಾರ. ನೀವು ರೊಕ್ಕ ತಗದಾಗೊಮ್ಮೆ ಅವರ ಫೋನಿಗೆ ಮೆಸೇಜ್ ಬರ್ತಿತ್ತಲ್ರಿ. ಟಿಣ್ ಅಂದ ಕೂಡ್ಲೆ ನನಗ ತಂದು ತೋರಸ್ತಿದ್ರು. ಹೊಳಿಯಕ್ಕಾರು ರೊಕ್ಕ ತಗದಾರ್ರಿ ಅಂತ ನಾ ಓದಿ ಹೇಳಿದ್ರ, ಹ್ಞೂಂ ಅಂತ ಸೈಕಲ್ ಹತ್ತಿ ನೀರ ಬಿಡಾಕ ಹೋಗ್ತಿದ್ರು. ಈಗ ಹತ್ತ ದಿನಾ ಆತು, ಮೆಸೇಜಿಲ್ಲ. ಕಟ್ಟಿ ಮ್ಯಾಲ ಫೋನ್ ಹಿಡ್ಕೊಂಡು ಕುಂದ್ರತಾರ. ನೀವು ಆರಾಮ ಅದೀರಿ ಅಂತ ನಾ ಹೇಳಿದ್ರ ಕೇಳಿಸಿದ್ರೂ ಕೇಳಿಸದವರಂಗ ಇರ್ತಾರ. ನಿನ್ನಿ ಫೋನ್ ಕೆಟ್ಟೈತೇನು ನೋಡು ಅಂತ ಅಂಗಡಿಗೆ ಒಯ್ದಿದ್ರು."

ಖಾತೆ ತೆರೆದಾಗ ಹೊಳಿಯಮ್ಮನ ಹತ್ತಿರ ಫೋನಿರಲಿಲ್ಲ. ನಮ್ಮ ಕಡೆ ಎಲ್ಲ ಹೆಂಗಸರೂ ಮಾಡುವಂತೆ ಗಂಡನ ನಂಬರು ಬರೆಸಿದ್ದಳು, ಆಮೇಲೆ ಮರೆತೂಬಿಟ್ಟಿದ್ದಳು. ತಾನು ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಅವನ ಅಂಗಿಯ ಜೇಬು ಸದ್ದು ಮಾಡುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಅವಳು ಹೋಗಿ ಹೊಳೆಯ ಕಡೆಯ ಮೆಟ್ಟಿಲ ಮೇಲೆ ಕೂತಳು. ಸಂತೋಷಕ್ಕೆ ಅವಳ ಮೈ ಬೆಚ್ಚಗಾಗಿತ್ತು.

ಮರುದಿನ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಟ್ರಂಕಿನಲ್ಲಿ ಲಕ್ಷಗಳಿದ್ದರೂ ಮಿಷನ್ನಿನ ಮುಂದೆ ಹೋಗಿ ನಿಂತು ಎರಡು ಲಕ್ಷ ಒತ್ತಿದಳು. ನೋಟು ಹೊರಗೆ ಬಂದ ಮೇಲೂ ಅಲ್ಲೇ ಕಣ್ಣು ಮುಚ್ಚಿ ನಿಂತಳು. ಆ ಸದ್ದು ಹೊಳೆಯ ಮೇಲೆ, ದೋಣಿಗಳ ಮೇಲೆ, ಹೆಸರು ಗೊತ್ತಿಲ್ಲದ ಗುಡ್ಡ ಮತ್ತು ಸಮುದ್ರದ ಮೇಲೆ ತೇಲಿ, ತುಂಗಭದ್ರೆ ದಾಟಿ, ಕೊಪ್ಪಳದ ಕೋಟೆಯ ಬಂಡೆ ಬಳಸಿ, ಓಣಿಯೊಳಗೆ ಇಳಿಯುವುದನ್ನು ಅವಳು ನೋಡುತ್ತಿದ್ದಳು. ಅಲ್ಲಿ ಆಗ ಬೆಳಕು ಹರಿಯುವ ಹೊತ್ತು, ಅವನು ಬನಿಯನ್ ಮೇಲೆ ಅಂಗಿ ಹಾಕಿಕೊಳ್ಳುತ್ತಿರುತ್ತಾನೆ. ಟಿಣ್. ಅವಳು ನಕ್ಕಳು. ಹಿಂದೆ ನಿಂತ ಮುದುಕ ದಾರಿ ಬಿಡುವಂತೆ ಸನ್ನೆ ಮಾಡಿದ.

ಅಂದಿನಿಂದ ಮತ್ತೆ ಎರಡು ದಿನಕ್ಕೊಮ್ಮೆ ಅದೇ ನಡೆಯಿತು. ದಾವಲಬೀ ಬೈದು ಬೈದು ಸುಸ್ತಾದಳು.

"ಟ್ರಂಕಿನ್ಯಾಗ ರೊಕ್ಕ ಇಟ್ಕೊಂಡು ಮತ್ತ ರೊಕ್ಕ ತಗೀತೀಯಲ್ಲ, ತಲಿ ನೆಟ್ಟಗೈತೇನು? ಒಮ್ಮೆ ಹೋದ್ರ ಇನ್ನೂರು ರೂಪಾಯಿ ನೀರಾಗ ಹಾಕಿದಂಗ."

"ಇಲ್ಲಿಂದ ಊರಿಗೆ ಇನ್ನೂರು ರೂಪಾಯ್ದಾಗ ಹೋಗಿ ಬರ್ತೀನಿ ಅನ್ಕೊ ದಾವಲಬೀ. ಯಾವ ಬಸ್ಸಿನವ ಇಷ್ಟು ಸೋವಿ ಒಯ್ತಾನ?"

ಹೀಗೆ ಒಂದು ತಿಂಗಳು ನಡೆಯಿತು. ಹೊಳಿಯಮ್ಮ ಮತ್ತೆ ಅವನಿಗೆ ಫೋನು ಮಾಡಲಿಲ್ಲ. ಎತ್ತದಿದ್ದರೆ ಕೈಯಲ್ಲಿದ್ದ ಈ ಸಣ್ಣ ಸುಖವೂ ಹೋದೀತು ಎಂಬ ಭಯ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳ ಫೋನೇ ಸದ್ದು ಮಾಡಿತು. ಪರದೆಯ ಮೇಲೆ ಗಂಡನ ನಂಬರು. ಅವಳ ತುತ್ತು ಕೈಯಲ್ಲೇ ಉಳಿಯಿತು.

"ನಾನು," ಅಂದ ಲಕ್ಷ್ಮಣಪ್ಪ.

"ಗೊತ್ತಾತು."

"ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸ್ದೆ. ಹಿಂಗ ಸಣ್ಣ ಸಣ್ಣದು ತಗದ್ರ ಬ್ಯಾಂಕಿಗೇ ಹೋಗತೈತಿ, ಒಮ್ಮೆಗೇ ತಗಿಯಾಕ ಹೇಳ್ರಿ ಅಂದ್ರು ಮೇಡಂ."

"ನನಗ ಗೊತ್ತೈತಿ."

"ಗೊತ್ತಿದ್ದೂ ತಗದ್ಯಾ?"

"ಹ್ಞೂಂ."

ಅತ್ತ ಕಡೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿಸಿತು.

"ಇನ್ನ ಮ್ಯಾಲ ಒಮ್ಮೆಗೇ ತಗಿ," ಅಂದ. "ಫೋನ್ ನಾ ಮಾಡ್ತೀನಿ."

ಹೊಳಿಯಮ್ಮ ಆಗಲಿ ಅನ್ನಬೇಕೆಂದು ಬಾಯಿ ತೆರೆದಳು, ಅಳು ಬಂತು. ತಡೆದಷ್ಟೂ ಹೆಚ್ಚಾಯಿತು. ಕಾರ್ಖಾನೆಯ ಹುಡುಗಿಯರು ಊಟ ಬಿಟ್ಟು ನೋಡತೊಡಗಿದರು. ದಾವಲಬೀ ಫೋನನ್ನು ಇಸಿದುಕೊಂಡು ಸ್ಪೀಕರ್ ಹಾಕಿದಳು.

"ಅಣ್ಣಾರ, ಅಕ್ಕ ಅಳಾಕತ್ಯಾಳ್ರಿ, ಈಗ ಮಾತಾಡಂಗಿಲ್ಲ. ಇದು ಫಾರಿನ್ ಕಾಲ್ ಐತಿ, ನಿಮಿಷ ನಿಮಿಷಕ್ಕ ರೊಕ್ಕ ಮುರೀತೈತಿ. ಇಡ್ರಿ, ಆಮ್ಯಾಲ ಮಾಡಿಸ್ತೀನಿ."

"ಮುರೀಲಿ ಬಿಡು ತಂಗಿ," ಅಂದ ಲಕ್ಷ್ಮಣಪ್ಪ. "ಅಕಿ ಅಳ್ಲಿ. ನಾ ಹಿಡ್ಕೊಂಡಿರ್ತೀನಿ."