ಹಳೆ ಗುಂಡು, ಹೊಸ ಗುಂಡು

ಅವರ ಬಲಗೆನ್ನೆಯ ಮೇಲೆ ಒಂದು ನಾಣ್ಯದಷ್ಟಗಲ ಜಾಗದಲ್ಲಿ ಗಡ್ಡವೇ ಇರಲಿಲ್ಲ. ಮುಖದ ತುಂಬ ಬೆಳ್ಳಗೆ ದಟ್ಟವಾಗಿ ಬೆಳೆದಿದ್ದ ಗಡ್ಡ ಅಲ್ಲಿಗೆ ಬಂದಾಗ ಮಾತ್ರ ಹಠ ಹಿಡಿದು ನಿಂತುಬಿಟ್ಟಿತ್ತು. ಸೈನ್ಯದಲ್ಲಿದ್ದಷ್ಟು ಕಾಲ ರೈಫಲಿನ ಹಿಂಬದಿಯನ್ನು ಕೆನ್ನೆಗೆ ಒತ್ತಿ ಒತ್ತಿ ಆದದ್ದಂತೆ. ಹಾಗೆಂದು ಅವರೇ ಹೇಳಿದ್ದು. ನಿಜವೋ, ಯಾವುದೋ ಹಳೆಯ ಗಾಯದ ಕಲೆಗೆ ಕಟ್ಟಿದ ಕತೆಯೋ, ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಸೌದಿಯ ತಬೂಕ್ ಪಟ್ಟಣದ ಹೊರಗೆ, ಗೋಧಿ ಹೊಲಗಳು ಮುಗಿದು ಮರಳು ಶುರುವಾಗುವಲ್ಲಿ, ಒಂದು ಖಾಸಗಿ ಶೂಟಿಂಗ್ ಕ್ಲಬ್ ಇತ್ತು. ಅವರು ಅಲ್ಲಿನ ಮುದರ್ರಿಬ್, ಅಂದರೆ ತರಬೇತುದಾರ. ನಾನು ಕಾರ್ಕಳದಿಂದ ಬಂದು ಅಲ್ಲಿ ಖರೀದಿ ವಿಭಾಗದಲ್ಲಿದ್ದೆ. ಬಂದೂಕು ಮುಟ್ಟುವ ಹಕ್ಕು ನನಗಿರಲಿಲ್ಲ. ಅದಕ್ಕೆ ಬೇಕಾದ್ದನ್ನು ಕಂಪ್ಯೂಟರಿನ ಎದುರು ಕುಳಿತು ತರಿಸುವುದಷ್ಟೇ ಕೆಲಸ. ಉಪ್ಪಿನಂಗಡಿಯ ಬ್ಯಾರಿ ಡ್ರೈವರ್ ಮತ್ತು ನಾನು ಮಾತಾಡುವುದನ್ನು ಕೇಳಿ ಕೇಳಿ ಮುದರ್ರಿಬ್ ‘ಮಾರಾಯ’ ಎಂಬ ಮಾತನ್ನು ಎತ್ತಿಕೊಂಡಿದ್ದರು. ಅದನ್ನು ತಮ್ಮ ಅರಬ್ಬಿಯ ಬಾಲಕ್ಕೆ ಕಟ್ಟಿ, ಗುರಿ ತಪ್ಪಿದ ಸೌದಿ ಶ್ರೀಮಂತರಿಗೂ ‘ಯಲ್ಲಾ ಮಾರಾಯ’, ಅಂದರೆ ನಡಿ ಮಾರಾಯ, ಅನ್ನುತ್ತಿದ್ದರು. ಅದೇನೋ ಸೈನ್ಯದ ಆಜ್ಞೆ ಇರಬೇಕೆಂದು ಆ ಪಾಪದವರು ಮತ್ತೊಮ್ಮೆ ನೆಟ್ಟಗೆ ಮಲಗಿ ಗುರಿ ಹಿಡಿಯುತ್ತಿದ್ದರು.

ಕ್ಲಬ್ಬಿನ ರೈಫಲುಗಳು ಸೈನ್ಯದವುಗಳ ಮಾದರಿಯವೇ ಆದರೂ ಒಂದು ಸಲ ಟ್ರಿಗರ್ ಎಳೆದರೆ ಹಾರುವುದು ಒಂದೇ ಗುಂಡು. ಹೊಸ ಕಂಪನಿಯ ಗುಂಡು ಬಂದರೆ ಪರೀಕ್ಷೆ ಮುದರ್ರಿಬ್ಬರದೇ. ಪೆಟ್ಟಿಗೆಯನ್ನು ಇಡೀ ದಿನ ನೆರಳಲ್ಲಿಡಬೇಕು. ಬಿಸಿಲಲ್ಲಿ ಬೆಂದ ಗುಂಡು ಹುಚ್ಚನ ಹಾಗೆ ಎಲ್ಲಿಗೋ ಓಡುತ್ತದೆ ಎಂದು ಅವರ ವಾದ. ಪಿಕಪ್ಪಿನ ಹಿಂಬದಿಯಲ್ಲಿ ಪೆಟ್ಟಿಗೆ ಮರೆತ ಡ್ರೈವರಿಗೆ ಒಮ್ಮೆ ಅವರು ಬೈದ ಬೈಗುಳ ಅವನಿಗೆ ಇನ್ನೂ ಬಾಯಿಪಾಠ ಇದೆ. ಮರುದಿನ ನಸುಕಿನ ಫಜ್ರ್ ನಮಾಜು ಮುಗಿಸಿ, ಗಾಳಿ ಏಳುವ ಮೊದಲು ಮರಳಚೀಲದ ಮೇಲೆ ರೈಫಲ್ ಇಟ್ಟು ಮಲಗುತ್ತಿದ್ದರು. ಅದಕ್ಕೆ ದುರ್ಬೀನು ಹಾಕಿಸಿಕೊಳ್ಳುತ್ತಿರಲಿಲ್ಲ. ಸಿಪಾಯಿಗೆ ದೇವರು ಕೊಟ್ಟ ಕಣ್ಣು ಸಾಕು ಎಂಬ ಜಂಬ. ಹಾಳೆಯ ಮೇಲಿನ ತೂತುಗಳೆಲ್ಲ ಅಂಗೈಯೊಳಗೆ ಮುಚ್ಚಿಹೋದರೆ ಗುಂಡು ಪಾಸು, ಹಾಳೆ ಅವರ ಕೋಣೆಯ ಗೋಡೆಗೆ.

ನಾವು ತರಿಸುತ್ತಿದ್ದ ಗುಂಡು ಒಂದು ವರ್ಷ ಸಿಗದೆ ಹೋಯಿತು. ನಾನು ಬೇರೆ ದೇಶದ್ದನ್ನು ಹುಡುಕಿ, ಕ್ಲಬ್ಬಿನ ಧಣಿಯನ್ನು, ಅಂದರೆ ನಮ್ಮ ವೀಸಾದ ಕಫೀಲನನ್ನು, ಒಪ್ಪಿಸಿ ತರಿಸಿದೆ. ಪರೀಕ್ಷೆಯ ದಿನ ಧಣಿಯೂ ಬಂದು ನಿಂತಿದ್ದರು. ಮುದರ್ರಿಬ್ ಹೊಡೆದರು. ಹಾಳೆ ತಂದು ನೋಡಿದರೆ ತೂತುಗಳು ಚರುಮುರಿ ಚೆಲ್ಲಿದ ಹಾಗೆ ಊರೆಲ್ಲ ಹರಡಿದ್ದವು. ಅವರು ಅದನ್ನು ಗೋಡೆಯ ಮೇಲಿದ್ದ ಹಳೆ ಗುಂಡಿನ ಹಾಳೆಯ ಪಕ್ಕ ಹಿಡಿದು, ಇದು ಕಸ, ಎಂದುಬಿಟ್ಟರು. ಧಣಿ ನನ್ನ ಮುಖ ನೋಡಿದರು. ಮಾರಿದವರ ಜೊತೆ ನಾನು ಏನೋ ಒಳಗಿಂದೊಳಗೆ ಮಾಡಿಕೊಂಡಿದ್ದೇನೆ ಎಂದು ಆ ಕ್ಷಣವೇ ತೀರ್ಮಾನವಾಗಿತ್ತು. ಫೈನಲ್ ಎಗ್ಜಿಟ್ ಹಾಕಿ ಊರಿಗೆ ಕಳಿಸಲು ಆಫೀಸಿಗೆ ಹೇಳಿ ಹೋದರು. ಮಗಳು ಅಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಹತ್ತನೆಯ ತರಗತಿಯಲ್ಲಿದ್ದಳು. ಪರೀಕ್ಷೆ ಹತ್ತಿರವಿತ್ತು.

‘ಎಂತ ಮಾಡುದು ಮಾರಾಯ, ಕಫೀಲ್ ಹೇಳಿದ ಮೇಲೆ ಮುಗೀತು. ಪೆಟ್ಟಿಗೆ ಕಟ್ಟುದೇ’ ಎಂದ ಡ್ರೈವರ್. ಸಮಾಧಾನ ಹೇಳಲು ಬಂದವನು ಕೊನೆಗೆ ತಾನೇ ಅತ್ತ.

ನನಗೆ ಮಾತ್ರ ಗೋಡೆಯ ಮೇಲಿನ ಆ ಹಾಳೆ ತಲೆಯಿಂದ ಹೋಗಲಿಲ್ಲ. ಅದು ಎಷ್ಟೋ ವರ್ಷದ ಹಿಂದೆ ಹೊಡೆದದ್ದು. ಹೊಸ ಗುಂಡನ್ನು ಹೋಲಿಸಿದ್ದು ಇವತ್ತಿನ ಹಳೆ ಗುಂಡಿನ ಜೊತೆ ಅಲ್ಲ, ಆವತ್ತಿನ ಹಳೆ ಗುಂಡಿನ ಜೊತೆ. ಸ್ಟೋರಿನಲ್ಲಿ ಹಳೆಯದರ ಒಂದು ಡಬ್ಬಿ ಉಳಿದಿತ್ತು. ಮುದರ್ರಿಬ್ಬರ ಕೋಣೆಗೆ ಹೋಗಿ, ಎರಡನ್ನೂ ಒಂದೇ ದಿನ ಹೊಡೆದು ನೋಡಿ ಎಂದು ಕೇಳಿಕೊಂಡೆ. ಅವರು ಕೆಂಡವಾದರು. ಕೀಬೋರ್ಡ್ ಕುಟ್ಟುವವನು ತನಗೆ ಗುಂಡು ಹೊಡೆಯುವುದನ್ನು ಕಲಿಸಲು ಬಂದನೇ ಎಂದರು. ನಾನು ಮಗಳ ಪರೀಕ್ಷೆಯ ವಿಷಯ ಹೇಳಿದೆ. ಅವರು ಗಹ್ವಾ ಕಾಫಿ ಬಗ್ಗಿಸಿಕೊಂಡರು. ನನಗೂ ಒಂದು ಫಿಂಜಾನು ಕೊಟ್ಟರು, ಸಿಟ್ಟಿನಲ್ಲೇ.

ಮರುದಿನ ಬೆಳಿಗ್ಗೆ ಹೋದಾಗ ಅವರು ಆಗಲೇ ಮರಳಚೀಲ ಸರಿಮಾಡುತ್ತಿದ್ದರು. ತಮ್ಮ ಸಹಾಯಕ ತರಬೇತುದಾರನನ್ನು ಕರೆದು, ಹಳೆಯದು ಹೊಸದು ಎರಡನ್ನೂ ತುಂಬು, ಯಾವುದು ಯಾವುದೆಂದು ನನಗೆ ಹೇಳಬೇಡ ಎಂದರು. ತಿಳಿದರೆ ಮನಸ್ಸೂ ಗುಂಡು ಹೊಡೆಯುತ್ತದೆ, ಅದಕ್ಕೆ. ಹೊಡೆದರು. ಎರಡು ಹಾಳೆಗಳು ಬಂದವು. ಎರಡರಲ್ಲೂ ಅದೇ ಚರುಮುರಿ. ತುಂಬಿದವನೇ ಹೇಳದಿದ್ದರೆ ಯಾವುದು ಯಾವುದೆಂದು ಹೇಳುವಂತಿರಲಿಲ್ಲ. ಅವರು ಎದ್ದು ಅದೇ ರೈಫಲನ್ನು ಸಹಾಯಕನ ಕೈಗೆ ಕೊಟ್ಟರು. ಅವನು ಹೊಡೆದ ಎರಡು ಹಾಳೆಗಳಲ್ಲೂ ತೂತುಗಳು ಒಂದರ ಮೇಲೊಂದು ಕೂತಿದ್ದವು, ಅಂಗೈಯೂ ಬೇಡ, ಎರಡು ಬೆರಳು ಸಾಕು.

ಮುದರ್ರಿಬ್ ನಾಲ್ಕೂ ಹಾಳೆಗಳನ್ನು ನೆಲದ ಮೇಲೆ ಹರಡಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು. ಅವರು ಅಷ್ಟು ಹತ್ತಿರ ಬಗ್ಗುವುದನ್ನು ನಾನು ಆವತ್ತೇ ಗಮನಿಸಿದ್ದು.

‘ಗುಂಡು ಎರಡೂ ಚೆನ್ನಾಗಿದೆ, ಮಾರಾಯ’ ಎಂದರು. ‘ಕಣ್ಣು ಹೋಗಿದೆ.’

ಅಲ್ಲಿದ್ದದ್ದು ನಾವು ಮೂವರೇ. ಸಹಾಯಕ ಅವರ ಎದುರು ಉಸಿರೂ ಬಿಡದವನು. ನನ್ನ ಮಾತನ್ನು ಧಣಿ ನಂಬುವುದಿಲ್ಲ. ಮುದರ್ರಿಬ್ ಆ ಹಾಳೆಗಳನ್ನು ಸುಟ್ಟುಹಾಕಿ ಸುಮ್ಮನಿದ್ದರೆ ನಾನು ವಾರದೊಳಗೆ ಮಂಗಳೂರಿನಲ್ಲಿ ಇಳಿಯುತ್ತಿದ್ದೆ, ಅವರು ಮುದರ್ರಿಬ್ ಆಗಿಯೇ ಇರುತ್ತಿದ್ದರು. ಅವರು ಹಾಳೆಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಗಾಡಿ ಹತ್ತು ಎಂದರು. ಧಣಿಯ ಮನೆಯ ಮಜ್ಲಿಸಿನ ಪಡಸಾಲೆಯಲ್ಲಿ, ಇನ್ನೂ ನಾಲ್ಕು ಜನ ದೊಡ್ಡವರು ಕುಳಿತಿದ್ದಾಗಲೇ, ಹಾಳೆಗಳನ್ನು ಬಿಡಿಸಿ ಎಲ್ಲವನ್ನೂ ಹೇಳಿದರು. ದನಿ ತಗ್ಗಿಸಲಿಲ್ಲ. ನನ್ನ ಎಗ್ಜಿಟ್ ಅಲ್ಲಿಗೇ ನಿಂತಿತು. ಮುದರ್ರಿಬ್ ಆಗಿ ಮುಂದುವರಿಯಿರಿ, ಪರೀಕ್ಷೆ ಬೇರೆಯವರು ಮಾಡಲಿ ಎಂದು ಧಣಿ ಒತ್ತಾಯಿಸಿದರು. ಅವರು ಒಪ್ಪಲಿಲ್ಲ. ತನಗೇ ಕಾಣದ ಗುರಿಯನ್ನು ಬೇರೆಯವರಿಗೆ ಹೇಗೆ ತೋರಿಸಲಿ ಎಂದರು. ನಾನು ಅಷ್ಟು ಜನರ ಎದುರು ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ.

ಆಮೇಲೆ ಅವರು ಕ್ಲಬ್ಬಿನ ಕಡೆ ಬರಲಿಲ್ಲ. ಮಗಳು ಹನ್ನೆರಡನೆಯ ತರಗತಿಯವರೆಗೂ ಅಲ್ಲೇ ಓದಿದಳು. ಪ್ರತಿ ಈದಿಗೆ ನಾನು ಫೋನ್ ಮಾಡಿದರೆ ಮೊದಲು ಅವಳ ವಿಷಯ ಕೇಳುತ್ತಿದ್ದರು, ಆಮೇಲೆ ಹೊಸ ಗುಂಡಿನ ವಿಷಯ.

ಒಂದು ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಡ್ರೈವರೂ ನಾನೂ ಅವರ ಮನೆಗೆ ಹೋದೆವು. ಹಿರಿಯ ಮಗ ಗಹ್ವಾ ಕೊಟ್ಟು ಪಕ್ಕದಲ್ಲಿ ಕುಳಿತ. ಕ್ಲಬ್ಬಿನವರೆಂದು ತಿಳಿದ ಮೇಲೆ, ಅಪ್ಪ ಯಾಕೆ ಇದ್ದಕ್ಕಿದ್ದಂತೆ ಕೆಲಸ ಬಿಟ್ಟರೆಂದು ಕೇಳಿದ. ಬೇಜಾರು ಬಂತು ಎಂದಷ್ಟೇ ಮನೆಯಲ್ಲಿ ಹೇಳಿದ್ದರಂತೆ. ನಾನು ನನ್ನ ಹರಕು ಅರಬ್ಬಿಯಲ್ಲಿ ಇದೆಲ್ಲವನ್ನೂ ಹೇಳಿದೆ, ತಡವರಿಸಿದಲ್ಲಿ ಡ್ರೈವರ್ ಸರಿಮಾಡಿದ. ಮಗ ತಲೆ ತಗ್ಗಿಸಿ ಕೇಳಿದ. ಮುಗಿದ ಮೇಲೆ ಎದ್ದು ಒಳಗೆ ಹೋಗಿ ತಮ್ಮಂದಿರನ್ನೂ ಚಿಕ್ಕಪ್ಪಂದಿರನ್ನೂ ಕರೆದುಕೊಂಡು ಬಂದ.

‘ಇವರಿಗೂ ಹೇಳಿ’ ಎಂದ. ‘ಮೊದಲಿನಿಂದ.’

ನಾನು ಮೊದಲಿನಿಂದ ಹೇಳಿದೆ.